ಕೈಯಲ್ಲಿ ಹಿಡಿಯುವ ಪೈಪು

ಯಮನೂರಪ್ಪ ಕೋಲನ್ನು ಒಮ್ಮೆ ಅಲುಗಿಸಿದ. ನೀರು ಬರಲಿಲ್ಲ. ಇನ್ನೊಮ್ಮೆ ಅಲುಗಿಸಿದ. ನಾಲ್ಕನೇ ಮಹಡಿಯ ಗಾಜಿನ ಮೇಲೆ ಬ್ರಷ್ಷಿನ ತುದಿಯಿಂದ ಎರಡು ಹನಿ ಉದುರಿದವು, ಸೋಪಿನ ನೊರೆಯಲ್ಲಿ ಎರಡು ಗೆರೆ ಕೊರೆದವು, ಮೂರನೇ ಮಹಡಿ ಮುಟ್ಟುವ ಮೊದಲೇ ಆರಿಹೋದವು.

"ಏ ಕಾಶವ್ವಾ, ಕೋಲಿಗೆ ನೀರ ಬರವಲ್ದು. ಏನಾತ ನೋಡ."

ಕಾಶವ್ವ ಅವನ ಹೆಂಡತಿ. ಕೆಳಗಿನ ಗಾಜುಗಳನ್ನು ಹಳೆಯ ಪೇಪರಿನಿಂದ ತಿಕ್ಕುತ್ತಿದ್ದವಳು ತಿರುಗಿ ನೋಡಿದಳು. ನಳದ ಹತ್ತಿರ ಖಾಕಿ ಅಂಗಿಯವನೊಬ್ಬ ನಿಂತಿದ್ದ. ನಳ ಬಂದ್ ಮಾಡಿ, ಅವರ ಪೈಪನ್ನು ಬಿಚ್ಚಿ, ಹೆಂಗಸರು ನೂಲು ಸುತ್ತುವ ಹಾಗೆ ನಿಧಾನವಾಗಿ ಮೊಣಕೈಗೆ ಸುತ್ತಿಕೊಳ್ಳುತ್ತಿದ್ದ.

"ಯಾಕ್ರೀ? ನಮ್ಮದ್ರೀ ಅದು."

"ಗೊತ್ತೈತವಾ. ನಿನ್ನೆ ಆರ್ಡರ್ ಆಗೈತಿ. ಇನ್ನ ಪೈಪ್ ಹಿಡಿಯೂಹಂಗಿಲ್ಲ. ಜಪ್ತಿ."

"ಪೈಪ್ ಎಲ್ಲ್ರೀ? ಇದು ಕೋಲ್ರೀ."

"ಕೋಲು ನೀವ ಇಟಗೋರಿ. ಕೋಲಿಗೇನೂ ಅಂದಿಲ್ಲ. ಪೈಪ್ ಅಷ್ಟ ಒಯ್ತೀನಿ."

"ಮ್ಯಾಲ ಸೋಪ್ ಹಚ್ಚೇವ್ರೀ. ಬಿಸಲಿಗೆ ಒಣಗಿದ್ರ ಗಾಜಿನ ಮ್ಯಾಲ ಕಲಿ ಕೂಡ್ತಾವ. ಐದ ನಿಮಿಷ ಬಿಡ್ರಿ."

"ಐದ ನಿಮಿಷ ಬಿಟ್ರ ನನ್ನ ನೌಕರಿ ಒಣಗ್ತೈತಿ ತಂಗಿ."

ಅವನು ಹೋದ. ಕೆಟ್ಟವನಲ್ಲ, ಪಾಪ. ಹೋಗುವಾಗ ನಳದ ಕೆಳಗಿನ ಹಸಿ ನೆಲವನ್ನು ಬೂಟಿನಿಂದ ಒಂದು ಸಲ ಒತ್ತಿ ನೋಡಿದ, ಅಷ್ಟೇ.

ನೋಡಿ, ಕಥೆ ಹೇಳುವವರು ಮೊದಲು ಶ್ರೀಮಂತನನ್ನು ಕರೆತರುತ್ತಾರೆ. ಒಂದೂರಿತ್ತು, ಆ ಊರಲ್ಲೊಬ್ಬ ಸಿರಿವಂತ ಇದ್ದ ಅಂತ. ನಮ್ಮ ಕಥೆಯಲ್ಲೂ ಅವನಿದ್ದಾನೆ. ಇನ್ನೂ ಬಂದಿಲ್ಲ. ಅವನು ಏಳಬೇಕು, ಸ್ನಾನ ಮಾಡಬೇಕು, ಪೂಜೆ ಮಾಡಬೇಕು, ನಾಷ್ಟಾ ಮಾಡಬೇಕು. ಅಲ್ಲಿಯವರೆಗೆ ಬಿಸಿಲಲ್ಲಿ ನಿಂತ ಈ ಇಬ್ಬರನ್ನೇ ನೋಡೋಣ. ಇವರನ್ನು ಯಾರೂ ನೋಡುವುದಿಲ್ಲ. ಗಾಜು ತೊಳೆಯುವವನ ಕೆಲಸ ಚೆನ್ನಾಗಿ ಆಯಿತು ಅಂದರೆ ಏನರ್ಥ? ಗಾಜೂ ಕಾಣಬಾರದು, ತೊಳೆದವನೂ ಕಾಣಬಾರದು. ಹೌದೋ ಅಲ್ಲವೋ?

ಕೋಲು ಅಂದೆ. ಯಾವ ಕೋಲು? ನಲವತ್ತು ಅಡಿ ಉದ್ದದ, ಹಗುರಾದ ಗಳ. ತುದಿಗೊಂದು ಬ್ರಷ್ಷು. ಕಿರುಬೆರಳು ದಪ್ಪದ ಪೈಪೊಂದು ನಳದಿಂದ ಹೊರಟು, ಗಳದ ಒಳಗೆ ಹಾದು, ಬ್ರಷ್ಷಿನ ಬಾಯಿಗೆ ನೀರು ಒಯ್ಯುತ್ತದೆ. ನೆಲದ ಮೇಲೆ ನಿಂತು ನಾಲ್ಕನೇ ಮಹಡಿಯ ಗಾಜು ತೊಳೆಯಬಹುದು. ಇಡೀ ಕಟ್ಟಡಕ್ಕೆ ಅದು ಕುಡಿಯುವುದು ನಾಲ್ಕು ಕೊಡ ನೀರು. ನಾಲ್ಕೇ ಕೊಡ. ನಮ್ಮ ಮನೆಗಳಲ್ಲಿ ಒಬ್ಬ ಮಗ ಗಡ್ಡ ಕೆರೆದುಕೊಳ್ಳುವಾಗ ನಳ ಬಿಟ್ಟುಕೊಂಡು ನಿಂತರೆ ಎಷ್ಟು ಹೋಗುತ್ತದೆ, ಒಮ್ಮೆ ಅಳೆದು ನೋಡಿ.

ಕೋಲಿಗಿಂತ ಮೊದಲು ಹಗ್ಗವಿತ್ತು. ಯಮನೂರಪ್ಪ, ಅವನ ಅಣ್ಣ ಇಬ್ಬರೂ ಹಗ್ಗದವರು. ಅಣ್ಣ ಬಿದ್ದ. ಹಗ್ಗ ಹರಿಯಿತು ಅಂದುಕೊಳ್ಳಬೇಡಿ, ಹರಿಯಲಿಲ್ಲ. ಹಗ್ಗ ಗಟ್ಟಿಯೇ ಇತ್ತು. ಸೊಂಟಕ್ಕೆ ಕಟ್ಟಿದ ಬಕೆಟ್ಟು ತೂಗಾಡಿತು, ಸೋಪಿನ ನೀರು ಕೈಮೇಲೆ ಚೆಲ್ಲಿತು, ಕೈ ಜಾರಿತು. ಅಣ್ಣನನ್ನು ಮಣ್ಣು ಮಾಡಿ ಬಂದ ದಿನ ಕಾಶವ್ವ ಜಗಲಿಯ ಮೇಲಿದ್ದ ಭಂಡಾರದ ಬಟ್ಟಲು ತಂದು ಗಂಡನ ಮುಂದಿಟ್ಟಳು. ಅರಿಶಿನ ಮುಟ್ಟಿ ಹೇಳು ಅಂದಳು, ಇನ್ನು ಹಗ್ಗ ಏರೂದಿಲ್ಲ ಅಂತ ಹೇಳು. ಅವನು ಹೇಳಿದ. ಎರಡು ವರ್ಷ ಗಾಜಿನ ಕೆಲಸ ಬಿಟ್ಟು ಮಾರ್ಕೆಟ್ಟಿನಲ್ಲಿ ಇಬ್ಬರೂ ಚೀಲ ಹೊತ್ತರು, ಕೋಲು ತಂದರು. ಅಂದಿನಿಂದ ಯಮನೂರಪ್ಪನ ಕಾಲು ನೆಲ ಬಿಟ್ಟಿಲ್ಲ. ಅವನಿಗೆ ಬೇಕಾದದ್ದು ಅದೊಂದೇ. ಬಂಗಲೆ ಕೇಳಲಿಲ್ಲ, ಕಾರು ಕೇಳಲಿಲ್ಲ. ದುಡಿಯುವಾಗ ಎರಡೂ ಕಾಲು ನೆಲದ ಮೇಲಿರಲಿ ಅಂತ ಕೇಳಿದ. ದೊಡ್ಡ ಆಸೆಯೇ ಇದು? ನೀವೇ ಹೇಳಿ.

ಇಷ್ಟು ಹೊತ್ತಿಗೆ ಶ್ರೀಮಂತ ಬಂದ. ಆ ಕಟ್ಟಡ ಅವನದೇ, ನಾಲ್ಕು ಮಹಡಿಯ ಸೀರೆ ಅಂಗಡಿ. ಕಾರಿನಿಂದ ಇಳಿದವನು ಕತ್ತೆತ್ತಿ ನೋಡಿದ. ಸೋಪು ಒಣಗಿ ಗಾಜೆಲ್ಲ ಪೊರೆ ಬಂದ ಕಣ್ಣಿನ ಹಾಗಾಗಿತ್ತು.

"ಏನಲೇ ಯಮನೂರ, ಗಾಜ ತೊಳಿ ಅಂದ್ರ ಸುಣ್ಣಾ ಹಚ್ಚೀಯೇನು?"

"ಪೈಪ್ ಒಯ್ದ್ರು ಸಾವ್ಕಾರ್ರ."

"ಒಯ್ತಾರ ಮತ್ತ. ಕಾಯ್ದೆ ಅಂದ್ರ ಕಾಯ್ದೆ. ಬಕೆಟ್ಟಿಗೆ ಬ್ಯಾಡ ಅಂದಾರೇನು? ಹಗ್ಗ ಕಟ್ಟು, ಬಕೆಟ್ ತಗೊ, ಏರು."

"ಹಗ್ಗ ಬಿಟ್ಟೇನ್ರೀ ನಾ."

"ಬಿಟ್ಟದ್ದ ಹಿಡಿ. ಲಗ್ನದ ಸೀಜನ್ ಐತಿ. ಹೊರಗ ನಿಂತ ಮಂದಿಗೆ ನನ್ನ ಸೀರಿ ಕಾಣಬೇಕು, ನಿನ್ನ ಸೋಪ ಅಲ್ಲ."

"ಅವ್ರು ಏರೂದಿಲ್ರಿ," ಎಂದಳು ಕಾಶವ್ವ.

"ನಾ ಅವ್ಗ ಕೇಳೇನವಾ."

"ಅವ್ರ ಪರವಾಗೇ ಹೇಳೇನ್ರಿ."

ಸಾಹುಕಾರ ನಕ್ಕ. ಒಳ್ಳೆಯ ನಗು ಅವನದು. ಸಭೆಗಳಲ್ಲಿ ನೀವು ನೋಡಿದ್ದೀರಿ.

ಈಗ ಆ ಆರ್ಡರ್ ಎಲ್ಲಿಂದ ಬಂತು ಅನ್ನುವುದನ್ನು ಹೇಳಬೇಕು. ಆ ಊರಲ್ಲಿ ಒಂದು ಮಠ, ಮಠದಲ್ಲಿ ಒಬ್ಬ ಸ್ವಾಮಿ. ಬೇಸಿಗೆ ಬಂದು, ಕೆರೆ ಇಳಿದು, ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು ಬರುವಂತಾದಾಗ ಸ್ವಾಮಿಗೆ ಚಿಂತೆಯಾಯಿತು. ಸೋಮವಾರದ ಪ್ರವಚನದಲ್ಲಿ ಜನರಿಂದ ಪ್ರತಿಜ್ಞೆ ಮಾಡಿಸೋಣ ಅಂದುಕೊಂಡ. 'ನಾವು ನೀರು ಚೆಲ್ಲುವುದಿಲ್ಲ' ಅನ್ನಿಸಬೇಕು ಅಂತ ಅವನ ಮನಸ್ಸಿನಲ್ಲಿತ್ತು. ಪಕ್ಕದ ಕುರ್ಚಿಯಲ್ಲಿ ಈ ಸಾಹುಕಾರ ಕೂತಿದ್ದ. ಸ್ವಾಮಿಯ ಕಿವಿಯ ಹತ್ತಿರ ಬಗ್ಗಿ ಹೇಳಿದ:

"ಅಜ್ಜಾರ, ನೀರು ಚೆಲ್ಲಬ್ಯಾಡ್ರಿ ಅಂದ್ರ ಅದು ಗಾಳಿ ಮಾತು ಆಗ್ತೈತಿ. ಮಂದಿಗೆ ಕಣ್ಣಿಗೆ ಕಾಣೂ ಸಾಮಾನು ಹೇಳ್ಬೇಕು. ಪೈಪ್ ಹಿಡಿಯೂದಿಲ್ಲ ಅನ್ನಸ್ರಿ. ಚಲೋ ಕೇಳಸ್ತೈತಿ."

ಸ್ವಾಮಿಗೂ ಚಲೋ ಕೇಳಿಸಿತು. ಮೈಕಿನ ಮುಂದೆ ಕೂತವರಿಗೆ ಇದೊಂದು ರೋಗ, ಯಾವುದು ಚಲೋ ಕೇಳಿಸುತ್ತದೋ ಅದೇ ಸತ್ಯ ಅನಿಸಿಬಿಡುತ್ತದೆ. "ಕೈಯಲ್ಲಿ ಪೈಪು ಹಿಡಿಯುವುದಿಲ್ಲ," ಅಂದ. ಸಭೆ ಅಂದಿತು. ಎಲ್ಲರೂ ಕೈ ಎತ್ತಿದರು. ಸಾಹುಕಾರ ಎರಡೂ ಕೈ ಎತ್ತಿದ.

ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ, ಯಮನೂರಪ್ಪನೂ ಎತ್ತಿದ. ಏಕೆ ಎತ್ತಿದ? ಹುಚ್ಚನೇ? ಅಲ್ಲ. ಪೈಪು ಅಂದಾಗ ಅವನಿಗೆ ಬೀದಿಯಲ್ಲಿ ಜೀಪು ತೊಳೆಯುವವರು ಕಣ್ಣಿಗೆ ಬಂದರು, ಅಂಗಳಕ್ಕೆ ನೀರು ಹೊಡೆಯುವವರು ಬಂದರು. ತನ್ನ ಕೈಯಲ್ಲಿ ಇರುವುದೂ ಪೈಪೇ ಅಂತ ಹೊಳೆಯಲೇ ಇಲ್ಲ. ಏಳು ವರ್ಷದಿಂದ ಗಂಡ ಹೆಂಡತಿ ಅದನ್ನು ಕೋಲು ಅಂತಲೇ ಕರೆದಿದ್ದರು. ಕೋಲು ತಾ, ಕೋಲು ಒರಸು, ಕೋಲು ಮಲಗಿಸು. ತನ್ನ ಅನ್ನಕ್ಕೆ ಸಭೆ ಬೇರೆ ಹೆಸರಿಟ್ಟಿದ್ದು ಅವನಿಗೆ ಗೊತ್ತಾಗಲಿಲ್ಲ. ನೀವು ನಗುತ್ತಿದ್ದೀರಿ. ನಗಿ. ಆದರೆ ಆವತ್ತು ಎತ್ತಿದ ಅಷ್ಟೂ ಕೈಗಳಲ್ಲಿ ಒಂದೇ ಕೈ ಬರಿದಾಯಿತು.

ಊರಿನ ಕಚೇರಿಯವರು ಸ್ವಾಮಿಯ ಮಾತನ್ನು ಅಕ್ಷರ ಬಿಡದೆ ಆರ್ಡರಿನಲ್ಲಿ ಬರೆದರು. ಇಂದಿನಿಂದ ಕೈಯಲ್ಲಿ ಹಿಡಿಯುವ ಪೈಪಿನಿಂದ ವಾಹನ, ಅಂಗಳ, ಗೋಡೆ, ಗಾಜು ತೊಳೆಯುವುದನ್ನು ನಿಷೇಧಿಸಲಾಗಿದೆ. ನೀರನ್ನು ನಿಷೇಧಿಸಲಿಲ್ಲ, ನೋಡಿ. ಪೈಪನ್ನು ನಿಷೇಧಿಸಿದರು.

ಯಮನೂರಪ್ಪ ಕಚೇರಿಗೆ ಹೋದ. ವಿನಾಯಿತಿ ಅಂತ ಒಂದು ಫಾರ್ಮ್ ಇದೆ ಅಂದರು. ಉದ್ದಿಮೆಯವರಿಗೆ ಕೊಡುತ್ತಾರಂತೆ. ಗುಮಾಸ್ತ ಪೆನ್ನು ತೆಗೆದ.

"ಉದ್ದಿಮಿ ಹೆಸರು?"

"ಗಾಜ ತೊಳಿಯೂದ್ರಿ."

ಗುಮಾಸ್ತ ಪಟ್ಟಿಯ ಮೇಲೆ ಬೆರಳು ಓಡಿಸಿದ. ಧಾರ್ಮಿಕ ಸಂಸ್ಥೆ ಇತ್ತು, ಅದೇ ಮೊದಲು. ಆಸ್ಪತ್ರೆ ಇತ್ತು, ಹೋಟೆಲ್ ಇತ್ತು, ಹೂವಿನ ಸಸಿ ಮಾರುವವರು ಇದ್ದರು.

"ಇದರಾಗ ಗಾಜ ಇಲ್ಲಲ್ಲೋ ತಮ್ಮಾ."

"ಬರಕೊಳ್ರಿ ಸಾಹೇಬ್ರ. ತಳದಾಗ ಜಾಗಾ ಐತಲ್ರಿ."

"ಜಾಗಾ ಐತಿ. ಆದ್ರ ಇದು ಉದ್ದಿಮಿ ಅಲ್ಲ."

"ಮತ್ತೇನ್ರಿ?"

"ಇದು ಕೆಲಸ."

ಅವನು ತಮಾಷೆ ಮಾಡಲಿಲ್ಲ. ಬಯ್ಯಲೂ ಇಲ್ಲ. ಪಕ್ಕದ ಮೇಜಿನವನಿಗೆ ಕೂಡ ಅದು ಸರಿ ಅನಿಸಿತು, ತಲೆಯಾಡಿಸಿದ. ಮಾಡಿಸುವವನಿದ್ದರೆ ಉದ್ದಿಮೆ, ಮಾಡುವವನೇ ಇದ್ದರೆ ಕೆಲಸ. ಯಮನೂರಪ್ಪ ಆ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಹೊರಳಿಸುತ್ತ ಮನೆಗೆ ಬಂದ. ತನ್ನ ಕೋಲು, ತನ್ನ ಗಿರಾಕಿಗಳು, ತಿಂಗಳಿಗೆ ಹನ್ನೊಂದು ಕಟ್ಟಡ, ಒಂದು ದಿನ ತಪ್ಪದ ಲೆಕ್ಕ. ಇಷ್ಟಿದ್ದರೂ ಅದಕ್ಕೊಂದು ಹೆಸರಿಲ್ಲ.

ಮೂರು ವಾರ ಹೋಯಿತು. ನಿಂತ ನೆಲದಿಂದ ಕೈ ಎಟುಕುವಷ್ಟು ಗಾಜನ್ನು ಇಬ್ಬರೂ ಒದ್ದೆ ಬಟ್ಟೆಯಲ್ಲಿ ಒರಸಿದರು. ಅದರ ಮೇಲಿನದಕ್ಕೆ ಗಿರಾಕಿಗಳು ಬೇಡ ಅಂದರು. ಬೇಡ ಅಂದದ್ದೂ ಅಲ್ಲ, ಅದರಲ್ಲಿ ಹೆಮ್ಮೆಪಟ್ಟರು. ಒಂದು ಕನ್ನಡಕದ ಅಂಗಡಿಯವನು ಧೂಳು ಹಿಡಿದ ಗಾಜಿನ ಮೇಲೆ ಒಂದು ಬೋರ್ಡು ಅಂಟಿಸಿದ: 'ಈ ಧೂಳು ನಮ್ಮ ಜಲಸೇವೆ.' ಬೋರ್ಡು ಚೆನ್ನಾಗಿದೆ ಅಂತ ಬೇಕರಿಯವನು ಅಂಟಿಸಿದ. ಬ್ಯಾಂಕಿನವರು ಇಂಗ್ಲಿಷಿನಲ್ಲೂ ಅಂಟಿಸಿದರು. ಇಡೀ ಬೀದಿ ಪುಣ್ಯವಂತರಾದರು. ಯಾರ ಕೂಲಿ ಕತ್ತರಿಸಿ ಆ ಪುಣ್ಯ ಮಾಡಿದರು? ಬೋರ್ಡಿನಲ್ಲಿ ಅದನ್ನು ಬರೆದಿರಲಿಲ್ಲ.

"ಸೇವಾ ಅಂತ," ಅಂದಳು ಕಾಶವ್ವ, ಬೋರ್ಡು ಓದಿಸಿಕೊಂಡು. "ಉಪಾಸ ನಾವು ಮಾಡೂದು, ಪುಣ್ಯ ಅವ್ರಿಗೆ."

ನಾಲ್ಕನೇ ವಾರ ಸಾಹುಕಾರ ಯಮನೂರಪ್ಪನನ್ನು ಬೆಳಿಗ್ಗೆ ಮನೆಗೇ ಕರೆಸಿದ. ಗೇಟಿನ ಒಳಗೆ ಕಾಲಿಟ್ಟವನು ನಿಂತುಬಿಟ್ಟ. ಊರೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದಾಗ ಅಲ್ಲಿ ಹುಲ್ಲು ಹಸಿರಾಗಿತ್ತು. ನೋಡುತ್ತಿದ್ದ ಹಾಗೆ ನೆಲದೊಳಗಿನಿಂದ ಹತ್ತು ಹನ್ನೆರಡು ಸಣ್ಣ ಮೂತಿಗಳು ಮೇಲೆದ್ದವು. ಚಿಸ್ ಅಂತ ನೀರು ಚಿಮ್ಮಿತು. ಗುಂಡಗೆ ತಿರುಗಿ ತಿರುಗಿ ಚಿಮ್ಮಿತು. ಹುಲ್ಲಿಗೆ ಬಿದ್ದಷ್ಟೇ ಕಲ್ಲಿನ ದಾರಿಗೂ ಬಿತ್ತು.

"ಸಾವ್ಕಾರ್ರ," ಅಂದ ಯಮನೂರಪ್ಪ, "ಇದು ಪೈಪ್ ಅಲ್ಲೇನ್ರಿ?"

"ಯಾರ ಕೈಯಾಗೈತಿ?"

"ಏನ್ರಿ?"

"ಯಾರರ ಕೈಯಾಗ ಹಿಡದಾರೇನು? ಆರ್ಡರ್ ಓದಿಲ್ಲೇನು? ಕೈಯಲ್ಲಿ ಹಿಡಿಯುವ ಪೈಪು ಅಂತ ಐತಿ. ಇದು ನೆಲದಾಗೈತಿ. ತಾನ ಏಳ್ತೈತಿ, ತಾನ ಮಲಗ್ತೈತಿ." ಮತ್ತೆ ಆ ಒಳ್ಳೆಯ ನಗು. "ಕಾಯ್ದೆ ಮುರಿಯೂ ಮನಿ ಅಲ್ಲೋ ನಮ್ಮದು."

ಯಮನೂರಪ್ಪನ ಪಂಚೆಯ ಅಂಚಿಗೆ ತುಂತುರು ಬೀಳುತ್ತಿತ್ತು. ತಂಪಾಗಿತ್ತು. ತಂಪಾಗಿದೆ ಅನಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

"ಕೇಳಿಲ್ಲಿ," ಅಂದ ಸಾಹುಕಾರ. "ಒಂದ ಸಲ ಹಗ್ಗ ಏರು. ಒಂದ ಸಲ. ಗಾಜು ಲಕಲಕ ಅನ್ನಬೇಕು. ನಾ ಕಚೇರಿಯಾಗ ಮಾತಾಡಿ ನಿನ್ನ ಪೈಪ್ ಬಿಡಿಸಿಕೊಡ್ತೀನಿ. ಆಮ್ಯಾಲ ಸಾಯೂತನಾ ನೆಲದ ಮ್ಯಾಲ ನಿಂತು ತೊಳಿ."

ನೋಡಿ ಎಂಥ ಮಾತು. ನೆಲದ ಮೇಲೆ ನಿಲ್ಲಬೇಕಾದರೆ ಒಮ್ಮೆ ಗಾಳಿಯಲ್ಲಿ ನೇತಾಡು. ಬದುಕಬೇಕಾದರೆ ಒಮ್ಮೆ ಸಾಯಲು ತಯಾರಾಗು. ಇಂಥ ಮಾತನ್ನು ನಮ್ಮಲ್ಲಿ ಸಹಾಯ ಅನ್ನುತ್ತಾರೆ.

ಅವನು ಒಪ್ಪಿದ. ಮನೆಗೆ ಬಂದು ಅಟ್ಟದ ಮೇಲಿನ ಹಗ್ಗ ಇಳಿಸಿದ. ಕಾಶವ್ವ ನೋಡಿದಳು. ಬಕೆಟ್ಟನ್ನು ತಾನೇ ತೊಳೆದು ಕೈಗೆ ಕೊಟ್ಟಳು. ಬಯ್ದಿದ್ದರೆ ಚೆನ್ನಾಗಿತ್ತು ಅಂತ ಅವನಿಗೆ ಅನಿಸಿತು.

ಮರುದಿನ ಹತ್ತು ಗಂಟೆಗೆ ಸೀರೆ ಅಂಗಡಿಯ ಮಾಳಿಗೆಯಿಂದ ಹಗ್ಗ ಇಳಿಬಿಟ್ಟುಕೊಂಡು ಅವನು ಗಾಜಿನ ಮುಂದೆ ಇಳಿದ. ನಾಲ್ಕನೇ ಮಹಡಿ ಮುಗಿಸಿದ. ಮೂರನೆಯದಕ್ಕೆ ಬಂದ. ಗಾಜಿನ ಒಳಗೆ ಸೀರೆ ಉಡಿಸಿದ ಗೊಂಬೆಯೊಂದು ಅವನನ್ನೇ ನೋಡುತ್ತಿತ್ತು. ಅದರ ಹಿಂದಿನ ಕನ್ನಡಿಯಲ್ಲಿ ಅವನಿಗೆ ಅವನೇ ಕಂಡ. ಸೊಂಟಕ್ಕೆ ಬಕೆಟ್ಟು, ಎರಡು ಕೈ, ಕಾಲ ಕೆಳಗೆ ಏನೂ ಇಲ್ಲ. ಅಣ್ಣ ಕೊನೆಗೆ ನೋಡಿದ್ದು ಇದನ್ನೇ ಇರಬೇಕು ಅಂತ ಒಂದು ಮಾತು ಮನಸ್ಸಿಗೆ ಬಂತು. ಬಂದದ್ದೇ ಗಾಜು ಬಿಟ್ಟು ಹಗ್ಗಕ್ಕೆ ಕೈ ಹಾಕಿದ. ಬಕೆಟ್ಟು ವಾಲಿತು. ನೀರೆಲ್ಲ ಒಂದೇ ಸಲಕ್ಕೆ ಸುರಿದು ಕೆಳಗೆ ನಿಂತವರ ಮೇಲೆ ಬಿತ್ತು.

"ನೀರ ದಂಡ ಮಾಡಿದೆಲ್ಲೋ ಸುಡಗಾಡ!" ಅಂತ ಸಾಹುಕಾರ ಕೂಗಿದ.

ಯಮನೂರಪ್ಪ ಎರಡೂ ಕೈಯಿಂದ ಹಗ್ಗ ತಬ್ಬಿಕೊಂಡು ಕಣ್ಣು ಮುಚ್ಚಿದ. ಮೇಲೆ ಹೋಗಲಾರ, ಕೆಳಗೆ ಇಳಿಯಲಾರ. ಬೀದಿಯಲ್ಲಿ ಜನ ಸೇರಿದರು. ಮೊಬೈಲು ಹಿಡಿದು ನಿಂತರು. "ಏ ಬಾವಲಿ, ಇಳೀ ಕೆಳಗ!" ಅಂದ ಒಬ್ಬ. "ಮ್ಯಾಲಿಂದ ಸೀರಿ ಆರಿಸಾಕತ್ತಾನ, ಹೇಣ್ತಿಗೆ," ಅಂದ ಇನ್ನೊಬ್ಬ. ಆ ಹೆಂಡತಿ ಅಲ್ಲೇ ನಿಂತಿದ್ದಳು, ಕೆಳಗೆ ಇಳಿಬಿದ್ದ ಹಗ್ಗದ ತುದಿಯನ್ನು ಅಂಗೈಗೆ ಮೂರು ಸುತ್ತು ಸುತ್ತಿಕೊಂಡು. "ಕಣ್ಣ ತೆಗೀಬ್ಯಾಡ್ರಿ," ಅಂತ ಕೂಗುತ್ತಿದ್ದಳು, "ನಾ ಹಿಡದೇನಿ, ಕಣ್ಣ ತೆಗೀಬ್ಯಾಡ್ರಿ." ಮುಕ್ಕಾಲು ಗಂಟೆಯ ಮೇಲೆ ಬಣ್ಣ ಬಳಿಯುವ ಇಬ್ಬರು ಮಾಳಿಗೆಗೆ ಹತ್ತಿ ಅವನನ್ನು ಎಳೆದುಕೊಂಡರು. ಕಾಶವ್ವನ ಅಂಗೈಯ ಚರ್ಮ ಕಿತ್ತುಬಂದಿತ್ತು.

ಕೆಲಸ ಅರ್ಧಕ್ಕೆ ನಿಂತದ್ದರಿಂದ ಸಾಹುಕಾರನ ಮಾತೂ ಅರ್ಧಕ್ಕೆ ನಿಂತಿತು. ಪೈಪು ಕಚೇರಿಯಲ್ಲೇ ಉಳಿಯಿತು. ಆ ವಿಡಿಯೋ ಮಾತ್ರ ಊರೆಲ್ಲ ತಿರುಗಿತು. ನಿಮ್ಮ ಮೊಬೈಲಿಗೂ ಬಂದಿತ್ತು. ನೀವೂ ಮುಂದಕ್ಕೆ ಕಳಿಸಿದ್ದೀರಿ. ಈಗ ತಲೆ ತಗ್ಗಿಸಿ ಏನು ಪ್ರಯೋಜನ?

ಯಾರೋ ಸ್ವಾಮಿಗೂ ತೋರಿಸಿದರು. ಸ್ವಾಮಿ ನೋಡಿದ. ಆ ದಿನ ಮಧ್ಯಾಹ್ನದ ಪ್ರಸಾದದ ತಟ್ಟೆಯನ್ನು ಹಾಗೇ ಹೊರಗೆ ಕಳಿಸಿದ. ಅದನ್ನೇನು ದೊಡ್ಡದಾಗಿ ಹೇಳುವುದು, ಒಂದು ಹೊತ್ತು ಉಂಡಿಲ್ಲ ಅಷ್ಟೇ. ಆ ಇಬ್ಬರು ಎಷ್ಟು ಹೊತ್ತು ಉಂಡಿರಲಿಲ್ಲವೋ.

ಮರುದಿನ ಮಧ್ಯಾಹ್ನ ಗಂಡ ಹೆಂಡತಿಯನ್ನು ಮಠಕ್ಕೆ ಕರೆಸಿದ. ಅವರು ಬರುವ ಹೊತ್ತಿಗೆ ಮಠದ ಸೇವಕನೊಬ್ಬ ಧೂಳು ಏಳದಿರಲಿ ಅಂತ ಅಂಗಳಕ್ಕೆ ನೀರು ಹೊಡೆಯುತ್ತಿದ್ದ. ಪೈಪಿನಿಂದಲೇ. ಮಠಕ್ಕೆ ವಿನಾಯಿತಿ ಇತ್ತಲ್ಲ, ಪಟ್ಟಿಯಲ್ಲಿ ಮೊದಲ ಹೆಸರು. ಪೈಪು ದಾರಿಗೆ ಅಡ್ಡ ಬಿದ್ದಿತ್ತು. ಯಮನೂರಪ್ಪ ಅದನ್ನು ದಾಟಲಿಲ್ಲ. ಇಡೀ ಅಂಗಳ ಸುತ್ತು ಹಾಕಿ ಬಂದ. ಸ್ವಾಮಿ ಕಿಟಕಿಯಿಂದ ಅದನ್ನು ನೋಡುತ್ತಿದ್ದ.

ಸ್ವಾಮಿ ಒಂದು ಕಾಗದ ಬರೆಸಿ ಇಟ್ಟಿದ್ದ. ಬಾಗಿಲು ಮುಂದೆ ಮಾಡಿಸಿದ. ಬೇರೆ ಯಾರೂ ಇರಲಿಲ್ಲ. ಕಾಗದದಲ್ಲಿ ಹೀಗಿತ್ತು: ಈ ವ್ಯಕ್ತಿ ಮಠದ ಸೇವೆಯಲ್ಲಿದ್ದಾನೆ, ಇವನ ಬಳಿ ಇರುವ ಪೈಪು ಮಠದ್ದು, ಇವನು ತೊಳೆಯುವುದೆಲ್ಲ ಮಠದ ಕೆಲಸ. ಮಠದ ಮುದ್ರೆ ಒತ್ತಿತ್ತು. ಅದೊಂದಿದ್ದರೆ ಖಾಕಿ ಅಂಗಿಯವನು ಹತ್ತಿರ ಬರುವುದಿಲ್ಲ. ಕಚೇರಿಯವರು ಪೈಪನ್ನು ತಾವೇ ತಂದು ಕೊಡುತ್ತಾರೆ. ಯಮನೂರಪ್ಪನ ಕಾಲು ಮತ್ತೆ ನೆಲದ ಮೇಲೆ. ಬೇಕಾದದ್ದು ಅದೇ ತಾನೆ?

ಇಲ್ಲಿ ಸ್ವಲ್ಪ ನಿಲ್ಲೋಣ.

ಸ್ವಾಮಿ ಒಳ್ಳೆಯದನ್ನೇ ಮಾಡಿದ ಅಂತ ನಿಮಗೆ ಅನಿಸುತ್ತಿದೆ. ಸ್ವಾಮಿಗೂ ಹಾಗೇ ಅನಿಸಿತ್ತು. ಅವನು ಮಾಡಿದ್ದು ಏನು, ಬಿಡಿಸಿ ನೋಡೋಣ. ಸಾವಿರ ಜನರ ಸಭೆಯಲ್ಲಿ ಮೈಕು ಹಿಡಿದು ಒಂದು ತಪ್ಪು ಮಾತು ಆಡಿದ್ದ. ಆ ಮಾತು ಕಾಯ್ದೆಯಾಯಿತು. ಆ ಕಾಯ್ದೆ ಒಬ್ಬನನ್ನು ಹಗ್ಗಕ್ಕೆ ತೂಗುಹಾಕಿತು. ಈಗ ಅದೇ ಸ್ವಾಮಿ ಬಾಗಿಲು ಮುಂದೆ ಮಾಡಿಕೊಂಡು, ಗಟ್ಟಿ ದನಿಯೂ ಹೊರಡದ ಹಾಗೆ, ಅವನ ಕೈಗೊಂದು ಕಾಗದ ಇಡಲು ಹೊರಟಿದ್ದ. ಕೆಡಿಸಿದ್ದು ಸಭೆಯಲ್ಲಿ, ಸರಿಮಾಡುವುದು ಕೋಣೆಯಲ್ಲಿ. ಆ ಕಾಗದದಲ್ಲಿ ಯಮನೂರಪ್ಪನ ಹೆಸರು ಕೂಡ ಇರಲಿಲ್ಲ, 'ಈ ವ್ಯಕ್ತಿ' ಅಂತ ಇತ್ತು. ಅವನ ದುಡಿಮೆ ಅವನದಲ್ಲ, ಮಠದ್ದು ಅಂತ ಇತ್ತು. ಪೈಪಿಗೂ ಸುಳ್ಳು, ಮನುಷ್ಯನಿಗೂ ಸುಳ್ಳು. ಸಾಹುಕಾರನ ಹುಲ್ಲಿಗೆ ಮಾತ್ರ ಒಂದು ಹನಿ ಕಡಿಮೆಯಾಗುವುದಿಲ್ಲ.

ಇದನ್ನು ನೀವು ಮಾಡುವುದಿಲ್ಲವೇ? ಮನೆಗೆಲಸದವಳ ಮೇಲೆ ನೆಂಟರ ಮುಂದೆ ಬಳೆಯ ಕಳವು ಹೊರಿಸುತ್ತೀರಿ. ಬಳೆ ಹಾಸಿಗೆಯ ಕೆಳಗೆ ಸಿಗುತ್ತದೆ. ಆಗ ನೆಂಟರನ್ನು ಮತ್ತೆ ಕರೆಯುತ್ತೀರಾ? ಇಲ್ಲ. ಅಡುಗೆಮನೆಯಲ್ಲಿ ಅವಳ ಕೈಗೆ ಒಂದು ಹಳೆಯ ಸೀರೆ ಕೊಡುತ್ತೀರಿ. ಅವಳು ತಗೊಂಡರೆ ನಿಮಗೆ ಸಮಾಧಾನ, ತಗೊಳ್ಳದಿದ್ದರೆ ಸೊಕ್ಕು ಅನ್ನುತ್ತೀರಿ. ಹೌದೋ ಅಲ್ಲವೋ? ಮುಂದಿನ ಸಾಲಿನವರೂ ಹೇಳಿ. ಆ ಹಸಿರು ಹುಲ್ಲಿನ ಯಜಮಾನರು ಇವತ್ತೂ ಮುಂದಿನ ಸಾಲಿನಲ್ಲೇ ಇದ್ದಾರೆ.

ಆ ಸ್ವಾಮಿ ಯಾರು ಅಂತ ನಿಮಗೆಲ್ಲ ಆಗಲೇ ತಿಳಿದಿದೆ. ತಿಳಿಯದವರು ಈ ಪೀಠದ ಕಡೆ ನೋಡಿ. ಆರು ವಾರದ ಹಿಂದೆ ಇದೇ ಮೈಕಿನಲ್ಲಿ ಆಡಿದ ಮಾತನ್ನು ಇವತ್ತು ಇದೇ ಮೈಕಿನಲ್ಲಿ ವಾಪಸ್ಸು ತಗೊಳ್ಳುತ್ತಿದ್ದಾನೆ. 'ಕೈಯಲ್ಲಿ ಪೈಪು ಹಿಡಿಯುವುದಿಲ್ಲ' ಅಂತ ನಿಮ್ಮಿಂದ ಅನ್ನಿಸಿದ್ದು ತಪ್ಪು. ಕಚೇರಿಗೂ ಹೀಗೇ ಬರೆದು ಕಳಿಸಿದ್ದಾಗಿದೆ. ಮಠದ ಅಂಗಳಕ್ಕೆ ಇನ್ನು ನೀರು ಬೀಳುವುದಿಲ್ಲ. ಧೂಳು ಏಳಲಿ. ಬರುವವರ ಧೋತರ ಕೆಡಲಿ.

ಇನ್ನು ನಿಮ್ಮ ಮಾತು. ಇವತ್ತು ಮನೆಗೆ ಹೋಗಿ ಅಳತೆ ಬದಲಿಸಿ. ಪೈಪು ಇದೆಯೋ ಇಲ್ಲವೋ ಅನ್ನುವುದು ಅಳತೆಯಲ್ಲ, ಎಷ್ಟು ಕೊಡ ಹೋಯಿತು ಅನ್ನುವುದು ಅಳತೆ. ನೆಲದೊಳಗೆ ಮಲಗಿಸಿಟ್ಟ ಮೂತಿಗಳಿಗೂ ಅದೇ ಅಳತೆ. ಟಾಕಿ ತುಂಬಿ ಹರಿಯುವವರೆಗೆ ಮೋಟಾರು ಬಿಟ್ಟು ಮಲಗುವವರಿಗೂ ಅದೇ. ಧೂಳಿನ ಗಾಜಿನ ಮೇಲೆ ಸೇವೆ ಅಂತ ಬೋರ್ಡು ಹಾಕಿದವರು ನಾಳೆ ಅಂಗಡಿ ತೆರೆಯುವ ಮೊದಲು ಅದನ್ನು ಕಿತ್ತುಹಾಕಿ. ಧೂಳು ಇರಲಿ, ಅದರಿಂದ ಯಾರೂ ಸಾಯುವುದಿಲ್ಲ. ಆದರೆ ಗಾಜು ತೊಳೆಯುವವನ ತಿಂಗಳ ಕೂಲಿ ನಿಲ್ಲಿಸಬೇಡಿ. ನೀರು ಉಳಿಸುವ ಆಸೆ ನಿಮ್ಮದಾದರೆ ಖರ್ಚೂ ನಿಮ್ಮದೇ ಆಗಲಿ. ಯಾರನ್ನೂ ಹಗ್ಗ ಹತ್ತಿಸಬೇಡಿ, ಒಂದ ಸಲ ಅಂತಲೂ ಹತ್ತಿಸಬೇಡಿ. ಇನ್ನೊಂದು. ನಾಲ್ಕು ಜನರ ಎದುರು ಕೆಡಿಸಿದ್ದನ್ನು ಆ ನಾಲ್ಕು ಜನರ ಎದುರೇ ಸರಿಮಾಡಿ. ಅಡುಗೆಮನೆಯ ಕ್ಷಮೆ ಕ್ಷಮೆಯಲ್ಲ. ಅದು ಬಾಯಿಗೆ ತುರುಕುವ ಅರಿವೆ.

ಇದನ್ನೆಲ್ಲ ಆ ಸ್ವಾಮಿ ಆವತ್ತು ಮಧ್ಯಾಹ್ನ ತಾನೇ ತಿಳಿದುಕೊಂಡ ಅಂದುಕೊಳ್ಳಬೇಡಿ. ಕಾಗದದ ಮೇಲೆ ಮುದ್ರೆ ಒತ್ತುವಾಗ ಅವನ ಮನಸ್ಸು ಹಗುರವೇ ಆಗಿತ್ತು. ಅವನಿಗೆ ಕಲಿಸಿದವರು ಯಾರು ಅಂತ ಹೇಳಿ ಮುಗಿಸಿಬಿಡುತ್ತೇನೆ.

ಗಂಡ ಹೆಂಡತಿ ಕೋಣೆಯ ನೆಲದ ಮೇಲೆ ಕೂತಿದ್ದರು. ಕಾಶವ್ವನ ಅಂಗೈಗೆ ಅರಿವೆ ಸುತ್ತಿತ್ತು. ಸ್ವಾಮಿ ಕಾಗದವನ್ನು ಓದಿ ಹೇಳಿದ, ನಿಧಾನವಾಗಿ, ಎರಡು ಸಲ. ಆಮೇಲೆ ಮುಂದಕ್ಕೆ ಚಾಚಿದ.

"ತಗೋ ಯಮನೂರಪ್ಪ. ನಾಳಿಂದ ನಿನ್ನ ಕೋಲು ಹಿಡಿ. ಯಾರೂ ಕೇಳೂದಿಲ್ಲ."

ಯಮನೂರಪ್ಪ ಹೆಂಡತಿಯ ಮುಖ ನೋಡಿದ. ಅವಳು ಕಾಗದದ ಕಡೆ ನೋಡಲಿಲ್ಲ.

"ಒಲ್ಲೆರಿ ಅಜ್ಜಾರ."

"ಯಾಕೋ? ಮತ್ತ ಹಗ್ಗ ಏರ್ತೀಯೇನು?"

"ಅದನೂ ಒಲ್ಲೆ," ಅಂದ ಯಮನೂರಪ್ಪ. "ಇದನೂ ಒಲ್ಲೆ."